ಬೈದದ್ದಕ್ಕೆ ಲಿಖಿತ ದೃಢೀಕರಣ

ನಮ್ಮೂರಿನ ಮಾನ್ಯ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳೇ,

ಹೊಸ ಮೀನು ಮಾರುಕಟ್ಟೆಯ ಉದ್ಘಾಟನೆಯ ದಿನ ವೇದಿಕೆಯ ಮೇಲೆ ನಾನು ತಮ್ಮನ್ನು ಹೊಗಳಿಲ್ಲ, ಬೈದಿದ್ದೇನೆ. ಇದನ್ನು ಊರೆದುರು ಬರೆದುಕೊಡಬೇಕಾಗಿ ಬಂದದ್ದು ಕನ್ನಡ ಸಾಹಿತ್ಯದ ಗ್ರಹಚಾರವೋ, ನನ್ನ ಗ್ರಹಚಾರವೋ ತಿಳಿಯದು. ಆದರೆ ಲಿಖಿತವಾಗಿ ಕೊಡಿ ಎಂದು ಅಪ್ಪಣೆ ಮಾಡಿದವರು ತಾವೇ. ಕೊಟ್ಟಿದ್ದೇನೆ. ಸ್ವೀಕೃತಿಯ ಮುದ್ರೆ ಒತ್ತಿಸಿಕೊಳ್ಳಿ.

ನಡೆದದ್ದು ಇಷ್ಟು. ಮಾರುಕಟ್ಟೆಗೆ ಕಂಬ ಬಂತು, ಕಟ್ಟೆ ಬಂತು, ಹೆಸರು ಕೊರೆದ ಗ್ರಾನೈಟ್ ಕಲ್ಲಂತೂ ಎಲ್ಲಕ್ಕಿಂತ ಮೊದಲು ಬಂತು. ತಲೆಯ ಮೇಲಿನ ಮಾಡಿನ ಶೀಟು ಮಾತ್ರ ಅರ್ಧಕ್ಕೆ ನಿಂತಿತು. ಉಳಿದರ್ಧದಲ್ಲಿ ಬರೀ ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಕಾಗೆ. ಸಾಹಿತಿ ಎಂದು ನನ್ನನ್ನು ಭಾಷಣಕ್ಕೆ ಕರೆದಿರಿ. ಶಾಲು ಹೊದ್ದುಕೊಂಡು "ಮೊದಲು ಮಾಡು ಮಾಡಿಸಿ" ಎಂದು ಮೈಕಿನಲ್ಲಿ ಕೂಗುವುದು ಚೆನ್ನಲ್ಲವೆಂದು, ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಕಲಿಸಿದ ವ್ಯಾಜಸ್ತುತಿಯನ್ನು ಹೊರತೆಗೆದೆ. ಹೊಗಳುವ ನೆಪದಲ್ಲಿ ತೆಗಳುವ ಅಲಂಕಾರ ಅದು. "ಇಂಥ ಮಾರುಕಟ್ಟೆಯನ್ನು ಮೂರು ಲೋಕದಲ್ಲಿ ಕಾಣೆ. ಇಲ್ಲಿ ಕುಳಿತವರಿಗೆ ಸೂರ್ಯದರ್ಶನಕ್ಕೆ ಅಡ್ಡಿಯಿಲ್ಲ, ವರುಣದೇವನಿಗೆ ಸದಾ ಮುಕ್ತದ್ವಾರ. ಕಡಲು ಬಿಟ್ಟು ಬಂದ ಮೀನಿಗೂ ನೀರಿನ ಕೊರತೆ ಕಾಡದು. ಇಂಥ ದೂರದೃಷ್ಟಿಯ ಅಧಿಕಾರಿಯನ್ನು ಪಡೆದ ನಾವು ಧನ್ಯರು" ಎಂದೆ. ಮೀನು ಮಾರುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ತಾವು ಎದ್ದು ನಿಂತು ಎದೆ ಮುಟ್ಟಿಕೊಂಡು ನಮಸ್ಕರಿಸಿದಿರಿ. ಭಲೇ, ಎಂಥ ರಸಿಕರು ಎಂದುಕೊಂಡೆ!

ಮರುವಾರ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಕೈಮುಗಿದ ನನ್ನ ಫೋಟೊ, ಪಕ್ಕದಲ್ಲಿ ದಪ್ಪಕ್ಷರ: "ಮೂರು ಲೋಕದಲ್ಲಿ ಕಾಣದ ಮಾರುಕಟ್ಟೆ!" ವಾಟ್ಸಾಪಿನಲ್ಲಿ ಅದನ್ನು ನೋಡಿದ ನಾದಿನಿ ಶಂಕರನಾರಾಯಣ ಊರಿನಿಂದ ಫೋನ್ ಮಾಡಿ, "ಭಾವ, ಎಲೆಕ್ಷನಿಗ್ ನಿಂತ್ರ್ಯಾ?" ಎಂದು ಕೇಳಿದಳು.

ಅದನ್ನೂ ನುಂಗಿಕೊಂಡೆ. ಮೇ ತಿಂಗಳ ಮಳೆ ಒಂದು ಸುತ್ತು ಹೊಡೆದು ಹೋಯಿತು. ಶೀಟಿಲ್ಲದ ಬದಿಯ ಹೆಂಗಸರು ತೊಪ್ಪೆಯಾದರು. ಅವರ ಒಣಮೀನು ಒಂದೇ ಗಳಿಗೆಯಲ್ಲಿ ಒದ್ದೆಮೀನಾಗಿ ತಿಪ್ಪೆ ಸೇರಿತು. ಎಲ್ಲರೂ ಸೇರಿ ಅರ್ಜಿ ಕೊಟ್ಟರು. ತಮ್ಮ ಹಿಂಬರಹ ಬಂತು: "ಸದರಿ ಮಾರುಕಟ್ಟೆಯ ಸೌಲಭ್ಯಗಳನ್ನು ಊರಿನ ಹಿರಿಯ ಸಾಹಿತಿಗಳು ಮುಕ್ತಕಂಠದಿಂದ ಪ್ರಶಂಸಿಸಿರುವುದರಿಂದ ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ಕಂಠ ನನ್ನದು, ಮುಕ್ತಾಯ ಆ ಹೆಂಗಸರ ಅರ್ಜಿಯದು!

ಮರುದಿನ ಮೀನಿಗೆ ಹೋದೆ. ಬೆಳ್ಳಿ ಎಂಬವಳು ಶೀಟಿಲ್ಲದ ಬದಿಯಲ್ಲಿ ಕೊಡೆ ಬಿಡಿಸಿಕೊಂಡು ಕುಳಿತಿದ್ದಳು. ನಮ್ಮ ಮನೆಗೆ ಮೊದಲಿನಿಂದಲೂ ಅವಳದೇ ಬಂಗುಡೆ.

"ಹ್ವಾಯ್ ಮಾಷ್ಟ್ರೇ, ಇಲ್ ಕೂಕಣಿ ಕಾಂಬ. ಆಕಾಶ ಸಮಾ ಕಾಣತ್ತಾ? ಕಾಣ್ದಿರೆ ಹೇಳಿ, ಆಚಿ ಬದಿ ಶೀಟೂ ತೆಗ್ಸುವ."

"ಬೆಳ್ಳಿ, ನಾನ್ ಅವತ್ತ್ ಬೈದದ್ದ್ ಮರಾಯ್ತಿ."

"ನಮ್ಗ್ ಗೊತ್ತಿಲ್ಯಾ? ಅದ್ಕೇ ನೆಗಾಡದ್ದ್. ಬೈಸ್ಕಂಡವ್ರಿಗೇ ಗೊತ್ತಾಯ್ಲ ಅಂದ್ರೆ ಅದೆಂತ ಬೈಗುಳ ಮಾಷ್ಟ್ರೇ?"

"ಸಾಹಿತ್ಯ ಅಂದ್ರೆ ಹಂಗೇ..."

"ಹಂಗಾರೆ ಆ ಫ್ಲೆಕ್ಸ್ ಕಳ್ಚಿ ಕೊಡಿ, ತಲಿ ಮೇಲ್ ಕಟ್ಕಂತೆ. ನಿಮ್ ಸಾಯಿತ್ಯ ಅಷ್ಟಾರೂ ಉಪ್ಕಾರಕ್ ಬರ್ಲಿ. ನಿಮ್ಗ್ ಇವತ್ತ್ ಮೀನ್ ಇಲ್ಲ, ಹೋಯ್ನಿ."

ಬುಟ್ಟಿಯ ತುಂಬ ಬಂಗುಡೆಯಿತ್ತು.

ಅಲ್ಲಿಂದ ನೇರ ತಮ್ಮ ಕಚೇರಿಗೆ ಬಂದೆ. "ಸರ್, ತಮ್ಮ ಭಾಷಣ ಅದ್ಭುತ" ಎಂದಿರಿ. ಅದು ವ್ಯಂಗ್ಯ ಎಂದೆ. "ಯಾವುದೇ ಇರಲಿ ಸರ್, ಒಳ್ಳೆಯ ಮಾತಾಡಿದಿರಿ" ಎಂದಿರಿ. ಸ್ವಾಮೀ, ಬೈದದ್ದು ಎಂದೆ. "ಕಡತದಲ್ಲಿ ಹೊಗಳಿಕೆ ಎಂದಿದೆ. ಬೈದಿದ್ದರೆ ಲಿಖಿತವಾಗಿ ಕೊಡಿ."

ವ್ಯಾಜಸ್ತುತಿ ಅಷ್ಟು ಕಷ್ಟವೇ? ನಮ್ಮಲ್ಲಿ ಅದು ಊಟದ ಹೊತ್ತಿಗೆ ದಿನವೂ ನಡೆಯುವ ವ್ಯವಹಾರ. "ಸಾರ್ ಭಾರಿ ಲಾಯ್ಕಿತ್ತ್, ಕೈ ತೊಳುಕೂ ಆತ್ತ್" ಎಂದರೆ ನನ್ನ ಮನೆಯಾಕೆ ಚಂದ್ರಾವತಿ ಉಪ್ಪಿನ ಭರಣಿಯನ್ನು ಠಣ್ಣನೆ ತಂದಿಡುತ್ತಾಳೆ. ಪ್ರಶಂಸಾಪತ್ರವೆಂದು ಗೋಡೆಗೆ ತೂಗುಹಾಕುವುದಿಲ್ಲ. ಇರಲಿ, ಉಳಿದ ಅಲಂಕಾರಗಳಲ್ಲೂ ತಾವು ಎಡವಬಾರದೆಂದು ಒಂದು ಸಣ್ಣ ಪಾಠ. ಬೆಳ್ಳಿಯ ಬುಟ್ಟಿ ಕೆರೆಯ ಹಾಗಿದೆ ಎಂದರೆ ಉಪಮೆ. ಬುಟ್ಟಿಯೇ ಕೆರೆ ಎಂದರೆ ರೂಪಕ. ಕಡತವನ್ನು ಸಣ್ಣ ನೀರಾವರಿ ಇಲಾಖೆಗೆ ಕಳಿಸಬೇಡಿ. ಆ ಕೆರೆಯಲ್ಲಿ ಹಡಗು ತೇಲುತ್ತದೆ ಎಂದರೆ ಅತಿಶಯೋಕ್ತಿ. ಬಂದರಿಗೆ ಜಾಗ ಅಳೆಯಬೇಡಿ. ಆಕಾಶವೇ ಬಂಗುಡೆ ಕೊಳ್ಳಲು ಇಳಿದು ಬಂದಿತೋ ಎಂಬಂತೆ ಮಳೆ ಸುರಿಯಿತು ಎಂದರೆ ಉತ್ಪ್ರೇಕ್ಷೆ. ಆಕಾಶಕ್ಕೆ ಮಾರುಕಟ್ಟೆ ಸುಂಕದ ನೋಟಿಸ್ ಕೊಡಬೇಡಿ. ತಮ್ಮಂಥ ಪುಣ್ಯಾತ್ಮರು ಬೇರೊಬ್ಬರಿಲ್ಲ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಫ್ಲೆಕ್ಸ್ ಅಂಗಡಿಗೆ ಓಡುವ ಮೊದಲು ಒಮ್ಮೆ ತಲೆಯೆತ್ತಿ ಮಾಡು ನೋಡಿ.

ಒಂದು ಸಂಶಯ ಮಾತ್ರ ಬಿಡುತ್ತಿಲ್ಲ. ತಮಗೆ ಅವತ್ತೇ ಎಲ್ಲವೂ ಅರ್ಥವಾಗಿತ್ತೇ? ಬೈಗುಳವನ್ನು ಬೈಗುಳವೆಂದು ಒಪ್ಪಿದರೆ ಶೀಟು ಹಾಕಿಸಬೇಕಾಗುತ್ತದೆ. ಹೊಗಳಿಕೆ ಎಂದುಕೊಂಡರೆ ಒಂದು ನಮಸ್ಕಾರದಲ್ಲಿ ಮುಗಿಯುತ್ತದೆ. ಅರ್ಥವಾದದ್ದನ್ನು ಅರ್ಥವಾಗದ ಹಾಗೆ ಸ್ವೀಕರಿಸುವ ಈ ಚಮತ್ಕಾರಕ್ಕೆ ನಾನು ಓದಿದ ಅಲಂಕಾರಶಾಸ್ತ್ರದಲ್ಲಿ ಹೆಸರಿಲ್ಲ. ಆಡಳಿತಶಾಸ್ತ್ರದಲ್ಲಿ ಇದ್ದೀತು. ಹಾಗಿದ್ದರೆ ನನ್ನ ಪಾಠವೆಲ್ಲ ವ್ಯರ್ಥ, ತಾವೇ ನನಗೆ ಗುರುಗಳು.

ಆದ್ದರಿಂದ ಮುಂದಿನ ವಾಕ್ಯಗಳಲ್ಲಿ ಯಾವ ಅಲಂಕಾರವನ್ನೂ ಇಟ್ಟಿಲ್ಲ, ಹುಡುಕಬೇಡಿ. ಮಾರುಕಟ್ಟೆಯ ಅರ್ಧಕ್ಕೆ ಮಾಡು ಇಲ್ಲ. ಜೂನ್ ಬಂದರೆ ದೊಡ್ಡ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಈ ಹೆಂಗಸರ ಮನೆಗಳಲ್ಲಿ ಒಲೆ ಉರಿಯುವುದು ಒಣಮೀನು ಮಾರಿದರೆ ಮಾತ್ರ. ಒಣಮೀನಿಗೆ ನೀರು ತಾಗಬಾರದು. ಹಿಂಬರಹವನ್ನು ರದ್ದುಮಾಡಿ. ಜೂನ್ ಬರುವ ಮೊದಲು ಶೀಟು ಹಾಕಿಸಿ.

ಇಂತಿ,
ನೇರ ಮಾತಿನಲ್ಲಿ ಇನ್ನೂ ಹೊಸ ಕಲಿಕೆಯವನಾದ
ಒಬ್ಬ ನಿವೃತ್ತ ಕನ್ನಡ ಉಪನ್ಯಾಸಕ