ಯಂತ್ರಕ್ಕೆ ಬೆರಳಿಲ್ಲ

ಲಿವರ್‌ಪೂಲ್,
೯ ಮಾರ್ಚ್ ೧೯೭೭, ಬುಧವಾರ

ಪ್ರೀತಿಯ ಅಪ್ಪಾ,

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನಾನು ಸಿಗರೇಟು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ ಎಂದುಕೊಂಡಿದ್ದೀಯಲ್ಲ, ಅಲ್ಲಿಂದ ನನ್ನನ್ನು ಎಬ್ಬಿಸಿ ವರ್ಷದ ಮೇಲಾಯಿತು. ಅಂಗಳದಾಚೆ ಗಾಜಿನ ಕಟ್ಟಡವಿದೆ, ಕಂಪನಿಯ ಪ್ರಯೋಗಾಲಯ. ಅಲ್ಲಿದ್ದೆ. ಮನೆಯಲ್ಲೂ ಬಾಯಿ ಬಿಡಬಾರದೆಂದು ಸಹಿ ಮಾಡಿಸಿಕೊಂಡಿದ್ದರು. ಬೇರೆ ಯಾವ ವಿಷಯದಲ್ಲೂ ನಿನಗೆ ಸುಳ್ಳು ಹೇಳಿದವಳಲ್ಲ. ಶಾಲೆ ಬಿಟ್ಟ ದಿನ ಮೇಷ್ಟರ ಮುಖದೆದುರೇ ಬಿಡುತ್ತೇನೆಂದು ಹೇಳಿ ಬಂದವಳು, ಈ ಸಹಿಗೆ ಮಾತ್ರ ಕಟ್ಟುಬಿದ್ದೆ.

ಹೇಗಿದ್ದೀಯ? ಕೆಮ್ಮಿದಾಗ ಬೆನ್ನಿನ ನೋವು ಇನ್ನೂ ಹಾಗೇ ಬರುತ್ತಿದೆಯಾ? ವೇಲ್ಸಿನ ಆ ಬೆಟ್ಟದ ಆಸ್ಪತ್ರೆಯ ಚಳಿಯಲ್ಲಿ ಕಿಟಕಿ ತೆರೆದಿಟ್ಟು ಮಲಗಿಸುತ್ತಾರೆಂದು ಅಜ್ಜಿ ದಿನವೂ ನರ್ಸುಗಳಿಗೆ ಶಾಪ ಹಾಕುತ್ತಾಳೆ. ನಿನ್ನ ಟಗ್ ದೋಣಿಯವರು ಮೊನ್ನೆ ಮನೆಗೆ ಬಂದು ಕಿತ್ತಳೆ ಕೊಟ್ಟು ಹೋದರು. ನೀನಿಲ್ಲದೆ ದೊಡ್ಡ ಹಡಗುಗಳನ್ನು ಎಳೆದು ತರುವಾಗ ಬೈಯುವವರೇ ಇಲ್ಲವಂತೆ, ಕೆಲಸಕ್ಕೆ ರುಚಿಯೇ ಇಲ್ಲವಂತೆ. ಆಪರೇಷನ್ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಇದನ್ನು ಓದು.

ನನ್ನ ಕೆಲಸ ಸಿಗರೇಟು ಸೇದುವ ಯಂತ್ರವನ್ನು ನೋಡಿಕೊಳ್ಳುವುದು. ನಗಬೇಡ. ಅದಕ್ಕೆ ಸಾಲಾಗಿ ರಬ್ಬರಿನ ತುಟಿಗಳಿವೆ. ಒಂದೊಂದರಲ್ಲಿ ಒಂದೊಂದು ಸಿಗರೇಟು ಸಿಕ್ಕಿಸಿ ಹಚ್ಚಬೇಕು. ಅದು ನಿಮಿಷಕ್ಕೊಮ್ಮೆ ದಮ್ಮು ಎಳೆಯುತ್ತದೆ, ಒಳಗಿನ ಬಿಳಿಯ ಬಿಲ್ಲೆಯ ಮೇಲೆ ಟಾರು, ಅಂದರೆ ಹೊಗೆಯ ಅಂಟು ಕೊಳೆ, ಕೂರುತ್ತದೆ. ಆ ಬಿಲ್ಲೆಯನ್ನು ತೂಗಿ ನೋಡಿಯೇ ಯಾವುದು ಸ್ಟ್ರಾಂಗ್, ಯಾವುದು ಮೈಲ್ಡ್ ಎಂದು ಹೇಳುವುದು. ನನ್ನ ಜೊತೆ ಕೆಲಸ ಮಾಡುವ ಎಡ್ನಾ, "ನಮ್ಮನೆ ಯಜಮಾನ್ರಿಗಿಂತ ಇದೇ ವಾಸಿ ಕಣೇ, ಕೆಮ್ಮಲ್ಲ, ಉಗುಳಲ್ಲ, ಊಟ ಎಲ್ಲಿ ಅಂತ ಕೇಳಲ್ಲ" ಅನ್ನುತ್ತಿದ್ದಳು. ನಮ್ಮ ಮೈಲ್ಡ್ ಸಿಗರೇಟಿನ ಬಿಲ್ಲೆ ಯಾವಾಗಲೂ ನೀರು ಹಾಲಿನ ಬಣ್ಣಕ್ಕಿರುತ್ತಿತ್ತು. ಅದನ್ನು ಕಣ್ಣಾರೆ ಕಂಡೇ, ನನಗೆ ಸಿಗುವ ವಾರದ ಪ್ಯಾಕೆಟ್‌ಗಳನ್ನು ನಿನಗೆ ಕಳಿಸುತ್ತಿದ್ದೆ. "ಮೈಲ್ಡಿಗೆ ಬಂದಿದ್ದು ಒಳ್ಳೇದಾಯ್ತು" ಎಂದು ನಿನ್ನ ಡಾಕ್ಟರೂ ಹೇಳಿದ್ದರಲ್ಲ.

ಭಾನುವಾರ ಅಜ್ಜಿಯ ಜೊತೆ ನಿನ್ನನ್ನು ನೋಡಲು ಬಂದಾಗ ನೀನೂ ನಾನೂ ಹಿಂದಿನ ಜಗಲಿಯಲ್ಲಿ ನಿಂತಿದ್ದೆವು. ನೀನು ಟಗ್ಗಿನವರ ರೀತಿಯಲ್ಲೇ ಸೇದುತ್ತಿದ್ದೆ, ಗಾಳಿಗೆ ಬೆನ್ನು ಹಾಕಿ, ಕೆಂಡ ಅಂಗೈಯೊಳಗೆ, ಹೆಬ್ಬೆರಳು ಮತ್ತೆರಡು ಬೆರಳಿನಿಂದ ಫಿಲ್ಟರನ್ನು ಒತ್ತಿ ಹಿಡಿದು. ನದಿಯ ಮೇಲೆ ದುಡಿಯುವ ಯಾರೂ ಬೇರೆ ರೀತಿ ಹಿಡಿಯುವುದಿಲ್ಲ. ಆಗ ನೀನು ಒಂದು ಮಾತು ಹೇಳಿದೆ. "ಇಮ್ಮಿ, ನಿಮ್ ಮೈಲ್ಡು ಹಾಸಿಗೇಲಿ ಕೂತು ಸೇದಿದ್ರೆ ಬರೀ ಗಾಳಿ ಕುಡಿದಂಗೆ. ಮುಷ್ಟೀಲಿ ಹಿಡಿದ್ರೆ ಮಾತ್ರ ನೋಡು, ಗಂಟಲಿಗೆ ಹತ್ತುತ್ತೆ." ನಾನು ನಕ್ಕೆ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಚೀಲದಿಂದ ಒಂದು ಸಿಗರೇಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ.

ಆ ಫಿಲ್ಟರಿನ ಸುತ್ತ ಸೂಜಿಮೊನೆಯಂಥ ತೂತುಗಳಿವೆ, ಅಪ್ಪಾ. ಬೆಳಕಿಗೆ ಹಿಡಿದರಷ್ಟೇ ಕಾಣುತ್ತವೆ. ಎಳೆದಾಗ ಹೊರಗಿನ ಗಾಳಿ ಅವುಗಳಿಂದ ನುಗ್ಗಿ ಹೊಗೆಯನ್ನು ತೆಳ್ಳಗೆ ಮಾಡುತ್ತದೆ. ಮೈಲ್ಡ್ ಎಂದರೆ ಇಷ್ಟೇ. ಯಂತ್ರದ ತುಟಿ ತುದಿಯನ್ನಷ್ಟೇ ಹಿಡಿಯುತ್ತದೆ, ತೂತು ತೆರೆದೇ ಇರುತ್ತದೆ. ನಿನ್ನ ಬೆರಳು ಕೂರುವುದು ಸರಿಯಾಗಿ ಅವುಗಳ ಮೇಲೆಯೇ. ಸೋಮವಾರ ಎಡ್ನಾ ಚಹಾಕ್ಕೆ ಹೋದಾಗ ಒಂದು ಸಾಲು ಸಿಗರೇಟಿನ ತೂತುಗಳಿಗೆ ಅಂಟುಪಟ್ಟಿ ಸುತ್ತಿ ಯಂತ್ರಕ್ಕೆ ಸಿಕ್ಕಿಸಿದೆ. ಬಿಲ್ಲೆ ಹೊರಗೆ ಬಂದಾಗ ಅಜ್ಜಿ ಮಾಡುವ ಚಹಾದಷ್ಟು ಕಂದು.

ಬಿಲ್ಲೆಯನ್ನು ಹಿಡಿದುಕೊಂಡು ಮಹಡಿಗೆ ಓಡಿದೆ. ನಾನೇ ಮೊದಲು ಕಂಡುಹಿಡಿದೆ, ತೋರಿಸಿದರೆ ಸಾಕು, ನಾಳೆಯೇ ಮಾರುವುದನ್ನು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ ನೋಡು. ನಮ್ಮ ಮುಖ್ಯ ರಸಾಯನಶಾಸ್ತ್ರಜ್ಞ ಹೆಸ್ಕೆತ್ ಅವರು ಅದರತ್ತ ಕಣ್ಣೂ ಹಾಯಿಸದೆ ಬಿಸ್ಕೆಟ್ ಡಬ್ಬಿ ಮುಂದಿಟ್ಟರು. "ಕೂತ್ಕೋ ತಾಯಿ. ತೂತು ಎಲ್ಲಿರಬೇಕು ಅಂತ ಗುರುತು ಹಾಕಿದ್ದೇ ನಾನು, ನಂಗೆ ಗೊತ್ತಿಲ್ದೇ ಇರುತ್ತಾ? ಸರ್ಕಾರ ಅಳೆಯೋದು ಯಂತ್ರದಲ್ಲಿ. ಯಂತ್ರಕ್ಕೆ ಬೆರಳಿಲ್ಲ." ಹಾಗಾದರೆ ಇದನ್ನು ಯಾಕೆ ಮಾಡುತ್ತೀರಿ ಎಂದು ಕೇಳಿದೆ. "ಸೇದೋದು ಬಿಡಬೇಕು ಅಂತ ಹೊರಟಿರ್ತಾರಲ್ಲ, ಅವರು ಬಿಡಬಾರದು. ಅದಕ್ಕೆ." ಅಪ್ಪಾ, ಅವರು ಕೆಟ್ಟ ಮನುಷ್ಯನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹಿಂದೆ ನಿಜವಾಗಿಯೂ ಕಡಿಮೆ ಹಾನಿಯ ಸಿಗರೇಟೊಂದಕ್ಕಾಗಿ ವರ್ಷಗಟ್ಟಲೆ ದುಡಿದರಂತೆ, ಇಲಿಗಳ ಮೇಲೆ ಪರೀಕ್ಷೆಯೂ ಆಗಿತ್ತಂತೆ. ವಕೀಲರು ಬಂದು ನಿಲ್ಲಿಸಿದರಂತೆ. "ಇದೊಂದು ಒಳ್ಳೇದು ಅಂದ್ರೆ, ಇಷ್ಟು ದಿನ ಮಾರಿದ್ದು ಏನು ಅಂತ ಜನ ಕೇಳಲ್ವಾ ಅಂದ್ರು. ಒಳ್ಳೇದು ಮಾಡೋ ಹಾಗಿಲ್ಲ, ಒಳ್ಳೇದರ ಹಾಗೆ ಕಾಣೋದು ಮಾಡಬಹುದು." ಹೀಗೆ ಹೇಳಿ ಬಿಸ್ಕೆಟ್ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ, "ಮನೇಲಿ ಯಾರಮ್ಮ ಸೇದೋರು?" ಎಂದು ಮೆಲ್ಲಗೆ ಕೇಳಿದರು. ಯಾರನ್ನು ಎಬ್ಬಿಸಲು ಓಡಿ ಹೋಗಿದ್ದೆನೋ ಅವರೆಲ್ಲ ಮೊದಲೇ ಎದ್ದು ಕೂತಿದ್ದರು. ಇನ್ನು ಯಾರ ಬಾಗಿಲು ಬಡಿಯಲಿ?

ಬಿಳಿ ಕೋಟನ್ನು ಗೂಟಕ್ಕೆ ಹಾಕಿ ಬಂದುಬಿಟ್ಟೆ. "ಎಲ್ಲೂ ನಿಲ್ಲದ ಕಾಲು ನಿಂದು" ಎಂದು ಅಜ್ಜಿ ಬೈದಳು. ಅವಳೂ ಅವಳ ತಂಗಿಯರೂ ಆ ಕಾರ್ಖಾನೆಯ ಅನ್ನ ಉಂಡವರು. ಇನ್ನು ಮೈಲ್ಡ್ ಬರುವುದಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಬೆರಳು ಎತ್ತಿ ಹಿಡಿ, ತುದಿಯಲ್ಲಿ ಹಿಡಿ ಎಂದು ಬುದ್ಧಿ ಹೇಳಲು ಕೂತಿದ್ದೆ, ಬರೆದು ಹೊಡೆದುಹಾಕಿದೆ. ಆ ಮಾತಿಗೆ ಈಗ ಅರ್ಥವಿಲ್ಲ.

ಅಜ್ಜಿ ನಿನಗಾಗಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದಿದ್ದಾಳೆ, ಆಶೀರ್ವಾದ ತಿಳಿಸಿದ್ದಾಳೆ. ಪಕ್ಕದ ಹಾಸಿಗೆಯ ಮುದುಕರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಮಗಳು,
ಇಮೆಲ್ಡಾ

ತಾ.ಕ.: ಮೇಲೆ ಬರೆಯಲು ಕೈ ಏಳಲಿಲ್ಲ. ಈಸ್ಟರ್ ಕಳೆದ ಮೇಲೆ ಆಪರೇಷನ್ ಎಂದು ಡಾಕ್ಟರು ನಿನಗೆ ಹೇಳಿದ್ದಾರೆ. ಆಪರೇಷನ್ ಇಲ್ಲ, ಅಪ್ಪಾ. ಗಡ್ಡೆ ಎರಡೂ ಕಡೆಯ ಶ್ವಾಸಕೋಶಕ್ಕೆ ಹರಡಿದೆ, ಕತ್ತರಿಸಿ ತೆಗೆಯುವಂತಿಲ್ಲ. ಭಾನುವಾರ ಅಜ್ಜಿಯನ್ನು ಒಬ್ಬಳನ್ನೇ ಒಳಗೆ ಕರೆದು ಹೇಳಿದರಂತೆ, ನಿನಗೆ ತಿಳಿಸಬೇಡಿ ಎಂದರಂತೆ. ಅವಳು ನನಗೆ ಹೇಳಿದ್ದು ನಿನ್ನೆ ಸಂಜೆ. ನಾನೂ ಹೇಳುವುದಿಲ್ಲವೆಂದು ಆಣೆ ಹಾಕಿಸಲು ನೋಡಿದಳು, ನಾನು ಹಾಕಲಿಲ್ಲ. ಎಲ್ಲರಿಗೂ ಗೊತ್ತಿದ್ದು, ಯಾರ ಜೀವದ ವಿಷಯವೋ ಅವನೊಬ್ಬನಿಗೇ ಗೊತ್ತಿಲ್ಲದಿರುವುದನ್ನು ಈ ವಾರ ಇನ್ನೊಮ್ಮೆ ನೋಡಲಾರೆ. ಎದುರು ನಿಂತು ಹೇಳಹೊರಟರೆ ನೀನು ತಮಾಷೆ ಮಾಡಿ ನನ್ನ ಬಾಯಿ ಮುಚ್ಚಿಸುತ್ತೀಯ, ಅದಕ್ಕೇ ಕಾಗದ. ಬೆಳಗಿನ ಟಪಾಲಿನಲ್ಲಿ ನನಗಿಂತ ಮೊದಲು ನಿನ್ನ ಕೈ ಸೇರುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ನಿನಗೆ ಮಂಚ ಹಾಕಿದ್ದೇನೆ. ನಿನ್ನ ಕೋಟು, ಬೂಟು ಚೀಲದಲ್ಲಿವೆ. ಅಲ್ಲಿರುತ್ತೀಯೋ ಮನೆಗೆ ಬರುತ್ತೀಯೋ, ನೀನೇ ಹೇಳು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.