ಕೂತ ಜಾಗದ ಲೈಸೆನ್ಸು

ಶನಿವಾರ, ಊಟವಾದ ಮೇಲೆ
ನಿನ್ನದೇ ಮನೆಯ ಮುಂದಿನ ಕೋಣೆಯಿಂದ

ಪ್ರೀತಿಯ ಪುಟ್ಟಕ್ಕಾ,

ಒಂದೇ ಸೂರಿನಡಿ ಇದ್ದುಕೊಂಡು ಕಾಗದವೇ ಎಂದು ನಗಬೇಡ. ನಗುವುದಿದ್ದರೆ ಪೂರ್ತಿ ಓದಿ ನಗು. ನಿನ್ನೆ ಸ್ಪೀಚ್ ಥೆರಪಿ ಮೇಡಂ ನಿನಗೆ ಫೋನ್ ಮಾಡಿ, ತಮಗೆ ಈ ರಾಜ್ಯದ ಲೈಸೆನ್ಸೂ ಬಂದಿದೆ, ಇನ್ನು ನಿಮ್ಮ ತಂದೆ ಕ್ಲಾಸಿಗೆಂದು ಸೇತುವೆ ದಾಟಿ ಆಚೆ ರಾಜ್ಯಕ್ಕೆ ಹೋಗಬೇಕಾಗಿಲ್ಲ ಎಂದರಲ್ಲ, ಆಗ ನಿನ್ನ ಮುಖ ನೋಡಿದೆ. ಕ್ಲಾಸು ಎಂದೋ ನಿಂತಿತು, ಮಂಗಳವಾರ ಅಪ್ಪ ಲೈಬ್ರರಿಗೆ ಹೋಗುತ್ತಾನೆ ಎಂದು ನೀನು ನಂಬಿದ್ದೆ. "ಅಪ್ಪಾ, ಆಚೆ ದಡದಲ್ಲಿ ಯಾರಿದಾರೆ ನಿಂಗೆ?" ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಳಿಯಂದಿರು, ಯಾರೋ ಹಳೇ ಸ್ನೇಹಿತರಿರಬೇಕು ಬಿಡು ಎಂದು ನನ್ನ ಪರವಾಗಿ ಉತ್ತರ ಕೊಟ್ಟು ಟಿವಿ ಹಾಕಿದರು. ನಿಮಗೆ ಅಲ್ಲಿಗೆ ಮುಗಿಯಿತು.

ಸ್ಟ್ರೋಕಾಗಿ ನಾಲಗೆ ದಪ್ಪವಾದ ಮೇಲೆ, ಅಮ್ಮನಿಲ್ಲದ ಮನೆಯಲ್ಲಿ ಒಬ್ಬನೇ ಬೇಡ ಎಂದು ನನ್ನನ್ನು ಆಚೆ ರಾಜ್ಯದಿಂದ ಇಲ್ಲಿಗೆ ಕರೆತಂದೆ. ಇಲ್ಲಿಂದ ಮಾಡಿದ ಮೊದಲ ವಿಡಿಯೋ ಕ್ಲಾಸಿನಲ್ಲಿ ಮೇಡಂ ಕೇಳಿದ್ದು, ನೀವೀಗ ಎಲ್ಲಿ ಕೂತಿದ್ದೀರಿ ಎಂದು. ಮಗಳ ಮನೆಯಲ್ಲಿ ಎಂದೆ. ಕ್ಲಾಸು ಬಂದ್. ತಮ್ಮ ಲೈಸೆನ್ಸು ಆಚೆ ರಾಜ್ಯದ್ದು, ಪೇಷಂಟು ಕೂತ ಜಾಗದ ಲೈಸೆನ್ಸು ಬೇಕು ಎಂದರು. ಫೋನಿನಲ್ಲಿ ನಿಮ್ಮ ಹತ್ತಿರ ಬರುವುದು ನನ್ನ ಮುಖ ಮಾತ್ರ, ಮುಖಕ್ಕೆ ಯಾವ ರಾಜ್ಯ ಎಂದು ವಾದ ಹೂಡಿದೆ. ಅಷ್ಟು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ಊಹಿಸಿಕೋ. ಪೂರ್ತಿ ಕೇಳಿಸಿಕೊಂಡೇ ಹೇಳಿದರು: "ಚಿಕಿತ್ಸೆ ನಡೆಯೋದು ನಿಮ್ಮ ಬಾಯಲ್ಲಿ ಸರ್. ಬಾಯಿ ಎಲ್ಲಿದೆಯೋ ಕಾನೂನೂ ಅಲ್ಲೇ."

ಯಾರ ಅಧಿಕಾರ ಎಲ್ಲಿಯವರೆಗೆ ಎಂಬುದಕ್ಕೆ ಇಂಗ್ಲಿಷಿನಲ್ಲೊಂದು ಪದವಿದೆ. ಕಾಲೇಜಿನ ಮೇಷ್ಟ್ರು ಬೋರ್ಡಿನ ತುಂಬ ಬರೆದಿದ್ದರು. ಜೂರಿಸ್, ಆಮೇಲೆ ಏನೋ, ಕೊನೆಗೆ ಡಿಕ್ಷನ್. ಮೇಡಂ ಆಮೇಲೊಮ್ಮೆ ಅದನ್ನೇ ನನ್ನ ನಾಲಗೆಗೆ ಕಸರತ್ತಾಗಿ ಕೊಟ್ಟರು, ಅದಿರಲಿ.

ಆಚೆಯೇ ಇದ್ದೀನಿ ಅಂತ ಹೇಳಿಬಿಡಿ, ಯಾರು ಬಂದು ನೋಡ್ತಾರೆ ಎಂದಿರಿ ನೀವಿಬ್ಬರೂ. ಸಿಕ್ಕಿಬಿದ್ದರೆ ಕಲ್ಲು ಬೀಳುವುದು ಮೇಡಂ ಅನ್ನಕ್ಕೆ. ಅವರು ಇಲ್ಲಿಯ ಲೈಸೆನ್ಸಿಗೂ ಅರ್ಜಿ ಹಾಕಿದರು, ಅದು ಆಮೆಯ ಹಾಗೆ ತೆವಳುತ್ತಿತ್ತು. ಈ ಊರಿನ ಥೆರಪಿಸ್ಟರ ಹೆಸರುಗಳನ್ನೂ ಕೊಟ್ಟರು, ಅಲ್ಲೆಲ್ಲ ಸರದಿ ಉದ್ದವಿತ್ತು. ಸರಿ, ಬಾಯಿಯನ್ನೇ ಆಚೆ ರಾಜ್ಯಕ್ಕೆ ಒಯ್ಯೋಣ ಎಂದು ಬಸ್ಸು ಹತ್ತಿದೆ.

ಸೇತುವೆ ಇಳಿದಲ್ಲಿ ಒಂದು ಬೆಂಚಿದೆ. ಅಲ್ಲಿ ಕೂತು, ಫೋನ್ ಹಿಡಿದು ನಾಲಗೆ ಹೊರಚಾಚಿದ್ದೇ ತಡ, ಎದುರಿನ ಕಟಿಂಗ್ ಶಾಪಿನವನು ಎದ್ದು ಬಂದ. "ಯಜಮಾನ್ರೇ, ನನ್ನ ಗಿರಾಕಿಗಳಿಗೆಲ್ಲ ನಾಲಗೆ ತೋರಿಸ್ತಿದೀರಿ. ಒಳಗೆ ಬಂದು ಕನ್ನಡಿಗೆ ತೋರಿಸಿ." ಅಂದಿನಿಂದ ಮೂಲೆಯ ಕುರ್ಚಿ ನನ್ನದು. ಕನ್ನಡಿ ಇರುವುದು ಬಹಳ ಒಳ್ಳೆಯದಾಯಿತು ಎಂದರು ಮೇಡಂ.

ಕ್ಲಾಸು ಮುಗಿದ ಮೇಲೂ ಅಲ್ಲೇ ಕೂತಿರುತ್ತೇನೆ. ಅವನು ಏನಾದರೊಂದು ಕೇಳಿ ಕತ್ತರಿ ಆಡಿಸುತ್ತಿರುತ್ತಾನೆ. ನಾನು ಏನು ಹೇಳಹೊರಟಿದ್ದೇನೆಂದು ಅವನಿಗೆ ಗೊತ್ತಿಲ್ಲ, ಅದಕ್ಕೇ ಕಾಯುತ್ತಾನೆ. ಹೋದ ವಾರ, ನಿಮ್ಮಮ್ಮನನ್ನು ಹೆಣ್ಣು ನೋಡಲು ಹೋಗಿ ಪಕ್ಕದ ಮನೆಗೆ ನುಗ್ಗಿ ಕಾಫಿ ಕುಡಿದುಬಂದ ಕಥೆ ಶುರು ಮಾಡಿದೆ. ಒಬ್ಬರ ಶೇವಿಂಗ್ ಮುಗಿಯಿತು, ಕಥೆ ಮುಗಿಯಲಿಲ್ಲ. ಆ ಮನುಷ್ಯ ಕುರ್ಚಿ ಬಿಟ್ಟು ಏಳದೆ, ಆಮೇಲೇನಾಯ್ತು ಎಂದ. ಪುಟ್ಟಕ್ಕಾ, ಸ್ಟ್ರೋಕಾದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ನಿನ್ನನ್ನು ದೂರುತ್ತಿಲ್ಲ. ಅಪ್ಪನಿಗೆ ಕಷ್ಟವಾಗಬಾರದೆಂದು ನನ್ನ ಮಾತನ್ನು ನೀನೇ ಮುಗಿಸುತ್ತೀಯ. ಒಂದು ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಡದೆ ಗೋಡೆಗೊರಗಿ ನಿಂತೆ. ಏನಾಯ್ತು ಮಗಳೇ ಎಂದು ಕೇಳಲು ಬಾಯಿ ತೆರೆದೆ. ನೀರು ಬೇಕಾ ಎಂದು ನೀನು ಓಡಿಹೋಗಿ ತಂದುಕೊಟ್ಟೆ. ನಾನು ಕುಡಿದೆ.

ಮೇಡಂ ನಿನ್ನೆ ಇನ್ನೊಂದು ಕೇಳಿದರು, ನೀನು ಯೋಚಿಸಿ ಹೇಳ್ತೀನಿ ಎಂದೆ. ಅದಕ್ಕೇ ಈ ಕಾಗದ. ಅಂಗಡಿಯಲ್ಲಿ ಪೂರ್ತಿ ವಾಕ್ಯ ಆಡುತ್ತಾರೆ ಎಂದು ನನ್ನ ಬಗ್ಗೆ ಬರೆದಿದ್ದಾರಂತೆ. ಮನೆಯಲ್ಲಿ ಹೇಗೆ ಎಂಬುದನ್ನು ನೋಡುವ ಅಧಿಕಾರ ಅವರಿಗೆ ಇದುವರೆಗೆ ಇರಲಿಲ್ಲ, ಈಗ ಇದೆ. ಮಂಗಳವಾರ ನಾವು ಮೂವರೂ ಊಟಕ್ಕೆ ಕೂತು ಫೋನನ್ನು ನೀರಿನ ಜಗ್ಗಿಗೆ ಒರಗಿಸಿಡಬೇಕು. ನಾನು ಮಾತು ನಿಲ್ಲಿಸುವವರೆಗೆ ಯಾರೂ ನಡುವೆ ಬಾಯಿ ಹಾಕಬಾರದು. ಒಪ್ಪಿಕೋ. ಇಲ್ಲೂ ಮಾತು ಹೊರಟರೆ ಮುಂದಿನ ಕ್ಲಾಸುಗಳೆಲ್ಲ ಇಲ್ಲೇ. ಹೊರಡದಿದ್ದರೆ ಮತ್ತೆ ಬಸ್ಸು ಹತ್ತುತ್ತೇನೆ; ಮುನಿಸಿಲ್ಲ, ಮಾತಾಡಬೇಕು ಅಷ್ಟೇ. ಅಳಿಯಂದಿರಿಗೂ ಓದಿ ಹೇಳು.

ನಿಧಾನಕ್ಕೆ ಮಾತಾಡುವ,
ನಿನ್ನ ಅಪ್ಪ

ತಾ.ಕ.: ಮಂಗಳವಾರ ಹೇಳಲು ಒಂದು ಮಾತಿದೆ, ವಾರಗಳಿಂದ ಅಂಗಡಿಯ ಕನ್ನಡಿಯೆದುರು ರೂಢಿ ಮಾಡಿಕೊಂಡದ್ದು. ನಿನ್ನ ಬಗ್ಗೆಯೇ. ಇಲ್ಲಿ ಬರೆಯುವುದಿಲ್ಲ. ಅರ್ಧ ಬರೆದರೂ ಸಾಕು, ಉಳಿದದ್ದನ್ನು ನೀನೇ ಮುಗಿಸಿಬಿಡುತ್ತೀಯ.