ಹೊಸ್ತಿಲ ಹಾಡಿನ ಮೊದಲೆರಡು ಸಾಲು

2024 ಡಿಸೆಂಬರ್ 1, ಭಾನುವಾರ. ಸಂಜೆ 4

ಬಿ.ಪಿ. ಮಾತ್ರೆ ಆಯಿತು. ದೋಸೆಗೆ ಅಕ್ಕಿ ನೆನೆಹಾಕಿದ್ದೂ ಆಯಿತು. ದುಬೈಯ ಈ ಮಿರ್ದಿಫ್‌ನಲ್ಲಿ ವಿಮಾನ ತಲೆಯ ಮೇಲೆಯೇ ಹಾದುಹೋಗುತ್ತದೆ. ಕಿಟಕಿ ಗಾಜು ಝಣ್ ಅನ್ನುತ್ತದೆ, ಪ್ರತಿ ಸಲ ಪೆನ್ನು ನಿಲ್ಲುತ್ತದೆ.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ. ನಮ್ಮ ಕನ್ನಡ ಸಭೆಗೆ ಮೂರನೇ ಹಾಲ್, ಒಂಬತ್ತರಿಂದ ಹತ್ತೂವರೆ. ಆಮೇಲೆ ತಮಿಳಿನವರದು. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟ ಒಂದು ಕುಟುಂಬಕ್ಕೆ ಬೀಳ್ಕೊಡುಗೆ ಇತ್ತು. ಪಾದ್ರಿಗಳು ನನ್ನ ಕಡೆ ತಿರುಗಿ, "ಅಮ್ಮ, ನಿಮ್ಮ ಮನೆಯದ್ದೊಂದು ಹೊಸ್ತಿಲ ಹಾಡು ಉಂಟಲ್ಲ, ಅದನ್ನು ಹಾಡಿ" ಅಂದರು. ಎದ್ದು ನಿಂತೆ. 'ಬಾಗಿಲು ದಾಟುವೆ ಕರ್ತನೇ, ನೀ ಮುಂದೆ ನಡೆ...' ಎರಡು ಚರಣ. ಜನ ತಲೆ ತಗ್ಗಿಸಿ ಕೇಳಿದರು, ಮರ್ಯಾದೆಗೆ. ನನಗೇ ಕೇಳುತ್ತಿತ್ತು — ಹಾಡು ಹತ್ತುತ್ತಿಲ್ಲ, ಇಳಿಯುತ್ತಿಲ್ಲ, ನಿಂತಲ್ಲೇ ಸುತ್ತುತ್ತಿದೆ.

ಹೊರಗೆ ಚಪ್ಪಲಿ ಹಾಕುವಾಗ ಕೀರ್ತನ್ ಬಂದ. ಕ್ವಾಯರ್ ನೋಡಿಕೊಳ್ಳುವವನು, ಬ್ಯಾಂಕಿನಲ್ಲಿ ಕೆಲಸ. "ಆಂಟಿ, ತಪ್ಪು ತಿಳ್ಕೊಬೇಡಿ. ನೀವು ಹಾಡಿದ್ದು ಆಲ್ಟೊ ಅಲ್ವಾ? ಇದರ ಟ್ಯೂನ್ ಹೇಗೆ?"

ಬಾಯಿ ತೆರೆದೆ. ಟ್ಯೂನ್ ಬರಲಿಲ್ಲ.

ಡಿಸೆಂಬರ್ 3

ಎರಡು ದಿನದಿಂದ ಅಡುಗೆಮನೆಯಲ್ಲಿ, ಬಚ್ಚಲಲ್ಲಿ ಪ್ರಯತ್ನ. ಮೊದಲ ಪದ ಮೇಲಿನಿಂದ ಹಿಡಿಯುತ್ತೇನೆ. ಮೂರನೇ ಪದಕ್ಕೆ ಗಂಟಲು ಜಾರಿ ತನ್ನ ಹಳೆಯ ಗಾಡಿ ದಾರಿಗೇ ಬೀಳುತ್ತದೆ. ಎಪ್ಪತ್ನಾಲ್ಕು ವರ್ಷದ ಗಂಟಲು.

ಅಪ್ಪ ಮಾಡಿದ ಕೆಲಸ ಇದು. ಮಲ್ಪೆಯ ಹಂಚಿನ ಕಾರ್ಖಾನೆಯಿಂದ ಬಂದು ಕೈಕಾಲಿನ ಮಣ್ಣು ತೊಳೆದು ನಮ್ಮನ್ನು ಕೋಣೆಯ ಒಂದೊಂದು ಮೂಲೆಗೆ ನಿಲ್ಲಿಸುತ್ತಿದ್ದರು. ತಂಗಿ ಲೋಲಾಕ್ಷಿ ಸೊಪ್ರಾನೊ — ಟ್ಯೂನ್ ಅವಳದು. ನಾನು ಆಲ್ಟೊ, ಟ್ಯೂನಿನ ಕೆಳಗೆ ಜೊತೆಗೂಡುವ ದನಿ. ತಮ್ಮ ಯಾಕೂಬ್ ಟೆನರ್. ಅಪ್ಪ ಬಾಸ್. "ಪಕ್ಕದವರ ದಾರಿಗೆ ಕಾಲಿಟ್ಟೆಯೋ, ಕಿವಿ ಹಿಂಡುತ್ತೇನೆ." ಹಿಂಡಿಯೂ ಇದ್ದರು. ಹಾಗಾಗಿ ಕಿವಿ ಮುಚ್ಚಿಯೇ ಹಾಡಿದೆ, ಜೀವಮಾನವಿಡೀ.

ಈ ಹಾಡು ಯಾವ ಪುಸ್ತಕದಲ್ಲೂ ಇಲ್ಲ. ಜರ್ಮನ್ ಪಾದ್ರಿಯೊಬ್ಬರು ಸಭೆಯ ಮುದಿ ಉಪದೇಶಿಗೆ ರಾಗ ಕಲಿಸಿದ್ದಂತೆ. ಉಪದೇಶಿ ಕನ್ನಡ ಮಾತು ಕಟ್ಟಿ ಅಪ್ಪನಿಗೆ ಕೊಟ್ಟರು. ಅಪ್ಪ ದೋ-ರೆ-ಮಿಯಲ್ಲಿ ನಾಲ್ಕು ದನಿಗೆ ನಾಲ್ಕು ಸಾಲಾಗಿ ಬರೆದ ಪುಸ್ತಕ ಯಾಕೂಬನ ಪೆಟ್ಟಿಗೆಯಲ್ಲಿತ್ತು. ಗೆದ್ದಲು ತಿಂದಿತು. ಮನೆಯಿಂದ ಯಾರು ಹೊರಟರೂ ಹೊಸ್ತಿಲಲ್ಲಿ ನಿಂತು ಇದೇ ಹಾಡು. ಲೋಲಾ ಮದುವೆಯಾಗಿ ಹೊರಟಾಗ. ನಾನು ದುಬೈಗೆ ಹೊರಟಾಗ. ಅಪ್ಪನ ಶವಪೆಟ್ಟಿಗೆ ಎತ್ತಿದಾಗ ಮೂರೇ ದನಿ. ಯಾಕೂಬ್ ಕೊರೋನಾದಲ್ಲಿ ಬರ್ ದುಬೈಯ ರೂಮಿನಿಂದ ಹೋದ. ಮುಖ ಮುಚ್ಚಿಕೊಂಡವರು ಒಯ್ದರು. ಹಾಡಲಿಲ್ಲ.

ಟ್ಯೂನ್ ಇರುವುದು ಈಗ ಒಂದೇ ತಲೆಯಲ್ಲಿ. ಲೋಲಾಳ ತಲೆಯಲ್ಲಿ. ಆ ತಲೆಯೋ...

ಡಿಸೆಂಬರ್ 8

ವಿಡಿಯೊ ಕಾಲ್. ಲೋಲಾ ಇರುವುದು ಅಬುಧಾಬಿಯಿಂದಾಚೆ ಮದೀನತ್ ಜಾಯೆದ್‌ನಲ್ಲಿ, ಮಗಳು ಬೆಟ್ಟಿಯ ಜೊತೆ. ಬೆಟ್ಟಿ ಅಲ್ಲಿ ನರ್ಸ್.

"ದೊಡ್ಡಮ್ಮ, ಅಮ್ಮ ಇವತ್ತು ನನ್ನನ್ನೇ ಸಿಸ್ಟರ್ ಅಂತ ಕರೀತಿದ್ದಾರೆ. ನೀವು ಎದುರು ಬಂದ್ರೆ ಏನಾದ್ರೂ ನೆನಪಾದೀತು. ತಡ ಮಾಡ್ಬೇಡಿ."

ಎಲ್ರಾಯ್‌ಗೆ ಹೇಳಿದೆ. ಮಗ ಲ್ಯಾಪ್‌ಟಾಪಿನಿಂದ ಕಣ್ಣು ಎತ್ತಲಿಲ್ಲ. "ಇಯರ್ ಎಂಡ್ ಅಮ್ಮ. ಜನವರಿಯಲ್ಲಿ ಇನ್ಶಾ ಅಲ್ಲಾ."

"ಕ್ರೈಸ್ತನ ಬಾಯಲ್ಲಿ ಎಂತ ಇನ್ಶಾ ಅಲ್ಲಾ?"

"ಇಲ್ಲಿ ಎಲ್ಲರಿಗೂ ಅದೇ." ನಕ್ಕ. ಮತ್ತೆ, "ಅಮ್ಮ, ಜರ್ಮನಿಯವರೇ ಬಿಟ್ಟಿದ್ದಾರೆ. ಅವರ ಚರ್ಚೆಲ್ಲ ಖಾಲಿ ಅಂತೆ. ಅವರ ಹಾಡನ್ನು ನೀವು ಯಾಕೆ ಹೊತ್ಕೊಂಡು ತಿರುಗುವುದು?"

"ಅವರದ್ದಲ್ಲ ಮಾರಾಯ. ನಮ್ಮ ಹೊಸ್ತಿಲಿನದ್ದು."

ಹೇಳಿದೆ. ಆದರೆ ಈ ಫ್ಲ್ಯಾಟಿಗೆ ಹೊಸ್ತಿಲೇ ಇಲ್ಲ. ಟೈಲ್ಸ್ ಒಳಗಿಂದ ಲಿಫ್ಟಿನವರೆಗೆ ಒಂದೇ ಸಮ.

ಡಿಸೆಂಬರ್ 25

ಹಬ್ಬ ಆಯಿತು. ಎಲ್ಲ ಹಾಡೂ ಇಂಗ್ಲಿಷ್, ಟ್ರ್ಯಾಕ್ ಹಾಕಿ. ಸ್ಪೀಕರಿನೊಳಗೆ ಯಾರೋ ಮೊದಲೇ ಹಾಡಿ ಮುಗಿಸಿದ್ದರು. ಮೊಮ್ಮಗಳು ಅಲಿಶಾ ಚೆನ್ನಾಗಿ ಹಾಡಿದಳು. ಹನ್ನೆರಡು ವರ್ಷ, ಶುದ್ಧ ಗಂಟಲು. ನಾನು ಕೇಕ್ ಹಂಚಿದೆ.

2025 ಜನವರಿ 11, ಶನಿವಾರ. ರಾತ್ರಿ ಊಟದ ಮೊದಲು

ಬರೆಯಲೇಬೇಕು.

ಲೋಲಾಳ ಮನೆಗೆ ಮೂರು ಗಂಟೆಯ ದಾರಿ. ಅಬುಧಾಬಿ ದಾಟಿದ ಮೇಲೆ ಲಾರಿಗಳು, ಮರಳು. ಅಲಿಶಾ ತನ್ನ ಫೋನ್ ಚಾರ್ಜ್ ಮಾಡಿಕೊಂಡಿದ್ದಳು, ರೆಕಾರ್ಡ್ ಮಾಡಲಿಕ್ಕೆ.

ಲೋಲಾ ಸೋಫಾದಲ್ಲಿ ಕುಳಿತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆ! ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಸಂಡೇ ಸ್ಕೂಲ್ ಟೀಚರಾ?"

"ಹೌದು."

"ಅಯ್ಯೋ, ನಾನು ಲೇಟಾ?"

"ಇಲ್ಲಮ್ಮ. ನೀನೇ ಮೊದಲು ಬಂದದ್ದು."

ಖುಷಿಯಾಯಿತು ಅವಳಿಗೆ. ತಲೆ ಬಾಚಿದೆ. ಅನ್ನಕ್ಕೆ ಮೀನು ಗಸಿ ಕಲಸಿ ತಿನ್ನಿಸಿದೆ. ಅಪ್ಪನ ಸುದ್ದಿ, ಮೂಲೆಗಳ ಸುದ್ದಿ, ಹಾಡಿನ ಮಾತುಗಳು — ಎಲ್ಲ ಹೇಳಿ ನೋಡಿದೆ. ಎರಡು ಗಂಟೆ. ಒಂದು ಸ್ವರ ಇಲ್ಲ. ಎಲ್ರಾಯ್ ವಾಚ್ ನೋಡಿ, "ಯಲ್ಲಾ ಅಮ್ಮ, ಹೊರಡುವ" ಅಂದ.

ಬಾಗಿಲಿಗೆ ಬಂದೆವು. ಬಗ್ಗಿ ಚಪ್ಪಲಿ ಹಾಕುತ್ತಿದ್ದೆ. ಹಿಂದಿನಿಂದ ದನಿ ಬಂತು.

'ಬಾಗಿಲು ದಾಟುವೆ ಕರ್ತನೇ...'

ಲೋಲಾ. ಎದ್ದು ನಿಂತಿದ್ದಾಳೆ, ಸೋಫಾ ಹಿಡಿದುಕೊಂಡು. ಹೊರಡುವವರನ್ನು ಕಂಡದ್ದೇ ತಡ. ಯಾರು ಹೊರಟರು ಎಂದು ಗೊತ್ತಿಲ್ಲ, ಯಾರೋ ಹೊರಟರು ಎಂದು ಗೊತ್ತು. ಟ್ಯೂನ್! ಮೇಲಕ್ಕೆ ಹತ್ತಿ, ಕೊನೆಯಲ್ಲಿ ಸ್ವಲ್ಪ ತೂಗಿ... ಅಲಿಶಾ ಫೋನ್ ಎತ್ತಿ ಹಿಡಿದಿದ್ದಳು. ಎರಡು ಸಾಲು.

ಮೂರನೇ ಸಾಲಿಗೆ ನಾನು ಸೇರಿದೆ.

ಯಾಕೆ ಸೇರಿದೆ? ಯೋಚಿಸಲಿಲ್ಲ. ಮೊದಲ ಚರಣಕ್ಕೆ ಮಾತ್ರ ಎರಡು ಸಾಲು ಸೊಪ್ರಾನೊ ಒಬ್ಬಳೇ, ಮೂರಕ್ಕೆ ಉಳಿದವರು — ಅಪ್ಪನ ಕ್ರಮ ಅದು. ಗಂಟಲು ತಾನಾಗಿಯೇ ತೆರೆಯಿತು. ಆಲ್ಟೊ.

ಲೋಲಾ ತಿರುಗಿ ನನ್ನ ಬಾಯಿ ನೋಡಿದಳು. ನಕ್ಕಳು. ತನ್ನ ದಾರಿ ಬಿಟ್ಟು ನನ್ನ ದಾರಿಗೆ ಬಂದಳು. ಮಗು ಕೈ ಹಿಡಿದುಕೊಂಡು ಬಂದ ಹಾಗೆ. ಆಮೇಲೆ ನಾಲ್ಕೂ ಚರಣ, ಇಬ್ಬರೂ ಆಲ್ಟೊ.

ಬಾಯಿ ಮುಚ್ಚಿ ನಿಂತಿದ್ದರೆ ಸಾಕಿತ್ತು.

ಜನವರಿ 12

ಕಾರಿನಲ್ಲಿ ಒಂದು ಸಲ ವಿಡಿಯೊ ನೋಡಿದ್ದೆ. ಹದಿನೆಂಟು ಸೆಕೆಂಡ್ ಅವಳ ಟ್ಯೂನ್. ಆಮೇಲೆ ನಾನು ನುಗ್ಗುತ್ತೇನೆ. ಇನ್ನೊಮ್ಮೆ ನೋಡಲು ಆಗುವುದಿಲ್ಲ. ಯಾರಿಗೂ ಹೇಳಲಿಲ್ಲ. ಅಲಿಶಾ ಎರಡು ಸಲ "ವೆರಿ ಕ್ಯೂಟ್ ಅಜ್ಜಿ" ಅಂದಳು. ಹೂಂ ಅಂದೆ.

ಜನವರಿ 26

ಬೆಟ್ಟಿಗೆ ಒಂದು ಉಪಾಯ ಹೇಳಿದ್ದೆ — ಸುಮ್ಮನೆ ಚಪ್ಪಲಿ ಹಾಕಿ ಬಾಗಿಲಲ್ಲಿ ನಿಲ್ಲು, ಅಮ್ಮ ಹಾಡಬಹುದು. ಇವತ್ತು ಫೋನ್ ಮಾಡಿದಳು, ಸಂತೋಷದಲ್ಲಿ.

"ದೊಡ್ಡಮ್ಮ, ಈಗ ದಿನಾ ಹಾಡ್ತಾರೆ! ಡ್ಯೂಟಿಗೆ ಹೊರಟ ಕೂಡ್ಲೇ ಶುರು. ಕೇಳಿ, ಕೇಳಿ." ಫೋನ್ ಲೋಲಾಳ ಕಡೆ ಹಿಡಿದಳು.

ಆಲ್ಟೊ. ಮೊದಲ ಪದದಿಂದಲೇ ಆಲ್ಟೊ. ನನ್ನದೇ ದನಿ ಅಲ್ಲಿಂದ ಬಂದ ಹಾಗೆ.

ಲೋಲಾ, ಅರುವತ್ತು ವರ್ಷ ಇಟ್ಟುಕೊಂಡದ್ದನ್ನು ನಿನ್ನ ಕೈಯಿಂದ ನಾನೇ ಕಿತ್ತುಕೊಂಡೆ. ಕಿವಿ ಹಿಂಡುವವರೂ ಇಲ್ಲ.

ಫೆಬ್ರವರಿ 16, ಭಾನುವಾರ

ಕೀರ್ತನ್‌ಗೆ ಕೊನೆಗೂ ಹೇಳಿಬಿಟ್ಟೆ. ಹಾಲ್ ಬಿಡುವ ಗಡಿಬಿಡಿಯಲ್ಲಿ, ಕುರ್ಚಿ ಮಡಚುತ್ತಾ ಕೇಳಿದ. ನಗಲಿಲ್ಲ.

"ಆಂಟಿ, ಎರಡು ಸಾಲು ಟ್ಯೂನ್ ಉಂಟಾ? ಪೂರ್ತಿ ಆಲ್ಟೊ ನಿಮ್ಮ ಹತ್ರ ಉಂಟು. ಅಷ್ಟು ಸಾಕು. ಇಂಥ ಹಾಡುಗಳಲ್ಲಿ ಮೊದಲೆರಡು ಸಾಲೇ ಕೊನೆಯಲ್ಲೂ ತಿರುಗಿ ಬರುತ್ತೆ. ಮಧ್ಯದ್ದು ಕೀಬೋರ್ಡಲ್ಲಿ ಕೂತು ಹುಡುಕುವ. ನೂರಕ್ಕೆ ನೂರು ಅಲ್ಲ, ಆದ್ರೆ ಹತ್ತಿರ ಬರ್ಬಹುದು. ವಿಡಿಯೊ ಕಳ್ಸಿ."

ಎದೆ ಹಗುರವಾಯಿತು. ಹೌದಲ್ಲ! ಕೊನೆಯ ಸಾಲಿಗೂ ಲೋಲಾ ಹಾಗೆಯೇ ತೂಗುತ್ತಿದ್ದಳು.

ಆದರೆ ವಿಡಿಯೊ ನೋಡುವಾಗ ನಾನೂ ಕೂತಿರಬೇಕು. ಬಾಯಿ ತೆರೆದ ನನ್ನ ಮುಖ. ಸ್ವಲ್ಪ ಧೈರ್ಯ ಬರಲಿ. ಈದ್ ರಜೆಯಲ್ಲಿ ಅಂದೆ. ಅಲಿಶಾಳ ಫೋನಿನಲ್ಲಿ ಭದ್ರವಾಗಿ ಉಂಟಲ್ಲ.

ಮಾರ್ಚ್ 30, ಈದ್

ಲೋಲಾ ಆಸ್ಪತ್ರೆಯಲ್ಲಿ. ನ್ಯುಮೋನಿಯಾ. ಬೆಟ್ಟಿ ಮಾತಾಡುವುದು ಈಗ ನರ್ಸಿನ ಹಾಗೆ, ಮಗಳ ಹಾಗೆ ಅಲ್ಲ. ಅರ್ಥವಾಯಿತು.

ಏಪ್ರಿಲ್ 1

ಬೆಳಿಗ್ಗೆ 7.10ಕ್ಕೆ.

ಏಪ್ರಿಲ್ 3, ಗುರುವಾರ. ಸಂಜೆ

ನಾಳೆ ಮಧ್ಯಾಹ್ನದ ವಿಮಾನಕ್ಕೆ ಲೋಲಾ ಊರಿಗೆ. ಪೆಟ್ಟಿಗೆ ಮುಚ್ಚುವ ಮೊದಲು ಅಬುಧಾಬಿಯಲ್ಲಿ ಪ್ರಾರ್ಥನೆಗೆ ಹತ್ತು ನಿಮಿಷ ಕೊಡುತ್ತಾರಂತೆ. ಅವಳನ್ನು ಹೊಸ್ತಿಲ ಹಾಡಿಲ್ಲದೆ ಕಳಿಸಬಾರದು. ಯಾಕೂಬನನ್ನು ಕಳಿಸಿದ ಹಾಗೆ ಕಳಿಸಬಾರದು. ಕೀರ್ತನ್ ರಜೆ ಹಾಕಿ ಬರುತ್ತೇನೆ ಎಂದ. "ಈಗಲೇ ಕಳ್ಸಿ ಆಂಟಿ, ಇವತ್ತು ರಾತ್ರಿಯೊಳಗೆ ಕೂತು ಮಾಡ್ತೇನೆ. ಟ್ಯೂನ್ ನಾನು ಹಾಡ್ತೇನೆ, ಆಲ್ಟೊ ನೀವು."

ಅಲಿಶಾ ಕಳಿಸಿದಳು. ಐದು ನಿಮಿಷಕ್ಕೆ ಅವನ ಫೋನ್.

"ಆಂಟಿ, ಇದ್ರಲ್ಲಿ ಶುರುವಿಂದ ಇಬ್ಬರೂ ಒಟ್ಟಿಗೇ ಹಾಡ್ತಿದ್ದೀರಿ. ಆ ಎರಡು ಸಾಲು ಎಲ್ಲಿ?"

ಅಲಿಶಾಳ ಮುಖ ನೋಡಿದೆ.

"ಅದು ನಾನು ಟ್ರಿಮ್ ಮಾಡ್ದೆ ಅಜ್ಜಿ, ಫ್ಯಾಮಿಲಿ ಗ್ರೂಪಿಗೆ ಹಾಕ್ಲಿಕ್ಕೆ. ಜನವರಿಯಲ್ಲೇ."

"ಹಳೆಯದು?"

"ಸ್ಟೋರೇಜ್ ಫುಲ್ ಇತ್ತು. ಡಿಲೀಟ್." ಆಮೇಲೆ ನನ್ನ ಮುಖ ಕಂಡು ಹೆದರಿ, "ಲೋಲಜ್ಜಿ ಸ್ಟಾರ್ಟ್ ಮಾಡಿದ್ದು ರಾಂಗ್ ಅಲ್ವಾ? ನೀವು ಕರೆಕ್ಟ್ ಮಾಡಿದ್ರಿ. ಆಮೇಲೆ ಅವರು ಸರಿಯಾಗಿ ಹಾಡಿದ್ರು. ಲೋಲಜ್ಜಿಯ ಮಿಸ್ಟೇಕ್ ಎಲ್ಲರೂ ನೋಡೋದು ಬೇಡ ಅಂತ..."

ನನ್ನ ತಂಗಿಯ ಮರ್ಯಾದೆ ಉಳಿಸಿದ್ದು ಮಗು. ಹತ್ತಿರ ಕರೆದು ತಲೆ ಸವರಿದೆ. ಒಳ್ಳೆಯದು ಮಾಡಿದೆ ಅಂದೆ.

ಕೀರ್ತನ್ ಇನ್ನೂ ಲೈನಿನಲ್ಲಿದ್ದ. "ಆಂಟಿ? ಆಂಟಿ, ಕೇಳ್ತಾ ಉಂಟಾ?"

ಏಪ್ರಿಲ್ 4. ಬೆಳಿಗ್ಗೆ 5.40

ಬಿಳಿ ಸೀರೆ ಉಟ್ಟಾಯಿತು. ಎಲ್ರಾಯ್ ಕಾರು ತೆಗೆಯಲು ಕೆಳಗೆ ಹೋದ.

ಅಲಿಶಾ ಬಾಗಿಲಲ್ಲಿ ಶೂ ಹಾಕುತ್ತಾ ಹಾಡಿಕೊಳ್ಳುತ್ತಿದ್ದಾಳೆ. ಹೊಸ್ತಿಲ ಹಾಡು. ವಿಡಿಯೊ ನೋಡಿ ನೋಡಿ ಪೂರ್ತಿ ಕಲಿತಿದ್ದಾಳೆ. ಸ್ವರ ಒಂದೂ ತಪ್ಪಿಲ್ಲ. ಶುದ್ಧ ಆಲ್ಟೊ. "ಅಜ್ಜಿ, ಇವತ್ತು ನಾನೂ ಹಾಡ್ತೇನೆ. ಇದೇ ಅಲ್ವಾ ಟ್ಯೂನ್?" ಅಂತ ಕೇಳುತ್ತಿದ್ದಾಳೆ, ಬರೆಯುತ್ತಿರುವಾಗಲೇ.

ತಿರುಗಿ ನೋಡಿದೆ. ಕಾಯುತ್ತಿದ್ದಾಳೆ. ಹೌದು ಮಗಾ, ಇದೇ ಟ್ಯೂನ್.